ಕೆಲಸ ಬಿಟ್ಟವರ ಕೀಲಿ ಇನ್ನೂ ಸರ್ವರಿನಲ್ಲಿದೆ

ಗುಂಡ್ಲುಪೇಟೆಯ ಚೆಂಡುಹೂ ವ್ಯಾಪಾರಿಯ ತೂಕದ ಲೆಕ್ಕ, ಚಾಮರಾಜನಗರದ ಅರಿಶಿನ ಮಂಡಿಯ ಬಾಕಿ ಪುಸ್ತಕ, ಲ್ಯಾಬಿನ ರಕ್ತಪರೀಕ್ಷೆಯ ರಿಪೋರ್ಟು, ಹಂಗಳದಾಚೆಯ ಹೋಂಸ್ಟೇ ಬುಕಿಂಗು, ಖಾಸಗಿ ಶಾಲೆಯ ಫೀಸು ರಸೀದಿ. ಒಂದು ಕಾಲಕ್ಕೆ ಇವೆಲ್ಲ ರಟ್ಟು ಹಾಕಿದ ಲೆಡ್ಜರುಗಳಲ್ಲಿದ್ದವು. ಈಗ ಸರ್ವರಿನಲ್ಲಿವೆ. ಆ ಸರ್ವರು ಊರಲ್ಲಿಲ್ಲ; ಮುಂಬೈಯಲ್ಲೋ ಬೆಂಗಳೂರಿನಲ್ಲೋ ತಿಂಗಳ ಬಾಡಿಗೆಗೆ ಹಿಡಿದ ಕಂಪ್ಯೂಟರು. ಇಂಥವನ್ನು ನೋಡಿಕೊಳ್ಳುವುದು ನನ್ನ ಕಸುಬು. ಊಟಿ ರಸ್ತೆಯ ಪಕ್ಕದ ಒಂದು ಕೋಣೆಯಲ್ಲಿ ಕೂತು, ನಾನು ಎಂದೂ ಕಣ್ಣಾರೆ ಕಾಣದ ಯಂತ್ರಗಳ ಬ್ಯಾಕಪ್ ತೆಗೆಯುತ್ತೇನೆ, ಅಪ್‌ಡೇಟ್ ಹಾಕುತ್ತೇನೆ, ನಿಂತು ಹೋದರೆ ಎಬ್ಬಿಸುತ್ತೇನೆ.

ಜನ ನನ್ನನ್ನು ವೈರಸ್ ಬಗ್ಗೆ ಕೇಳುತ್ತಾರೆ, ಹ್ಯಾಕರ್ ಬಗ್ಗೆ ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದನ್ನು ಮಾತ್ರ ಕೇಳುವುದಿಲ್ಲ: ನಮ್ಮ ಸರ್ವರಿನೊಳಗೆ ಇವತ್ತು ಯಾರ್ಯಾರು ಹೋಗಬಹುದು? ಮಂಡಿಯ ಯಜಮಾನರೊಬ್ಬರನ್ನು ನಾನೇ ಈ ಪ್ರಶ್ನೆ ಕೇಳಿದಾಗ ಅವರು ಮೂರು ಹೆಸರು ಹೇಳಿದರು. ಮಗ, ಲೆಕ್ಕ ಬರೆಯುವವರು, ನಾನು. ಸರ್ವರನ್ನು ಕೇಳಿದರೆ ಅದು ಏಳು ಸಾಲು ತೋರಿಸಿತು. ಉಳಿದ ಆ ನಾಲ್ಕು ಸಾಲು ಎಲ್ಲಿಂದ ಬಂದವು, ಅವನ್ನು ಹೇಗೆ ತೆಗೆಯಬೇಕು ಎಂಬುದು ತಿಳಿಯಬೇಕಾದರೆ ಮೊದಲು ಈ ಕೀಲಿ ಎಂದರೆ ಏನು, ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ದೂರದ ಯಂತ್ರಕ್ಕೆ ಹೋಗುವ ನನ್ನ ದಾರಿ ಒಂದು ಕಪ್ಪು ಪರದೆ. ಅಲ್ಲಿ ಮೌಸು ಬೇಕಿಲ್ಲ, ಚಿತ್ರವಿಲ್ಲ. ಮಾಡಬೇಕಾದ್ದನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರವೂ ಅಕ್ಷರಗಳಲ್ಲೇ ಬರುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ಹೀಗೆ ಇಲ್ಲಿಂದ ಅಲ್ಲಿಗೆ ಹೋಗುವ ಮಾತನ್ನು ದಾರಿಯಲ್ಲಿ ಬೇರೆಯವರು ಓದದಂತೆ ಗೂಢಲಿಪಿಯಲ್ಲಿ ಒಯ್ಯುವ ವ್ಯವಸ್ಥೆಯೇ ಎಸ್‌ಎಸ್‌ಎಚ್. ಅದಕ್ಕೆ ಮುಂಚೆ ಟೆಲ್ನೆಟ್ ಬಳಕೆಯಲ್ಲಿತ್ತು. ಅದರಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ತಂತಿಯ ಮೇಲೆ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮು ಕೂರಿಸಿದ್ದು ಪತ್ತೆಯಾಯಿತು. ಅಲ್ಲಿದ್ದ ಟಾಟು ಯ್ಲೋನೆನ್ ಕೆಲವೇ ತಿಂಗಳಲ್ಲಿ ಎಸ್‌ಎಸ್‌ಎಚ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಸರ್ವರಿನ ಪ್ರತಿ ಸೇವೆಗೂ ಪೋರ್ಟ್ ಎಂಬ ಒಂದು ಬಾಗಿಲ ಸಂಖ್ಯೆ ಇರುತ್ತದೆ. ಫೈಲು ಕಳಿಸುವ ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23. ನಡುವೆ ಖಾಲಿ ಇದ್ದ 22ನ್ನು ಅವರು ಕೇಳಿ ಪಡೆದರು. ಈಗ ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂದದ್ದು, ಪೂರ್ತಿ ಉಚಿತ.

ದೂರದಿಂದಲೇ ಕೆಲಸ ಮಾಡಬೇಕಾದ್ದಕ್ಕೆ ನಮ್ಮ ತಾಲ್ಲೂಕಿನದೇ ಒಂದು ಕಾರಣವೂ ಇದೆ. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಎರಡೂ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯ್ದು ಹೋಗುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ತುರ್ತು ವಾಹನ ಮತ್ತು ಕೆಲವು ಬಸ್ಸು ಬಿಟ್ಟು, ಸಂಚಾರ ಬಂದ್. ಆನೆ, ಜಿಂಕೆಗಳ ಜೀವ ಉಳಿಸುವ ನಿಯಮ ಅದು, ಹಾಗೇ ಇರಬೇಕು. ಆದರೆ ಓಣಂ ಹೊತ್ತಿನಲ್ಲಿ ಗಡಿಯಾಚೆಯ ಗೋದಾಮಿನ ಬಿಲ್ಲಿಂಗ್ ಕಂಪ್ಯೂಟರು ರಾತ್ರಿ ಹತ್ತಕ್ಕೆ ಕೈಕೊಟ್ಟರೆ ಬೆಳಗಾಗುವವರೆಗೆ ಇಲ್ಲಿಂದ ಯಾರೂ ಹೋಗುವಂತಿಲ್ಲ. ಲಾರಿಯಲ್ಲಿರುವ ಹೂವು ಅಷ್ಟು ಹೊತ್ತು ತಡೆಯುವುದಿಲ್ಲ. ಕೂತಲ್ಲಿಂದಲೇ ಒಳಗೆ ಹೋಗಿ ಸರಿ ಮಾಡಬೇಕು.

ಹಾಗಾದರೆ ಪಾಸ್‌ವರ್ಡ್ ಸಾಲದೇ? ಇಂಟರ್ನೆಟ್ಟಿಗೆ ತೆರೆದಿರುವ ಯಾವುದೇ ಲಿನಕ್ಸ್ ಸರ್ವರಿನ ಲಾಗಿನ್ ದಾಖಲೆ ತೆಗೆದು ನೋಡಿ. ರೂಟ್, ಅಡ್ಮಿನ್, ಟೆಸ್ಟ್ ಎಂದು ಒಂದೊಂದೇ ಹೆಸರು ಹಿಡಿದು, ಒಂದರ ಹಿಂದೊಂದು ಪಾಸ್‌ವರ್ಡ್ ಹಾಕಿ ನೋಡಿ ಸೋತ ಸಾಲುಗಳು ಪುಟಗಟ್ಟಲೆ ಇರುತ್ತವೆ. ನಮ್ಮ ಮೇಲೆ ಹಗೆ ಇರುವವರು ಮಾಡುವ ಕೆಲಸವಲ್ಲ ಅದು. ಇಡೀ ಇಂಟರ್ನೆಟ್ಟನ್ನು ಹಗಲೂ ರಾತ್ರಿ ತಡಕುತ್ತಿರುವ ಪ್ರೋಗ್ರಾಮುಗಳು. ಅಂಗಡಿಯ ಹೆಸರಿಗೆ 123 ಸೇರಿಸಿದ ಪಾಸ್‌ವರ್ಡು ಅವುಗಳ ಮುಂದೆ ಬಹಳ ದಿನ ಬಾಳುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಒಂದೇ ಪಾಸ್‌ವರ್ಡನ್ನು ಐದು ಜನ ಹಂಚಿಕೊಂಡಿದ್ದರೆ ಸರ್ವರಿನ ಕಣ್ಣಿಗೆ ಐವರೂ ಒಬ್ಬರೇ. ಬಾಕಿ ಪುಸ್ತಕದಲ್ಲಿ ಒಂದು ಮೊತ್ತ ಬದಲಾದರೆ ಬದಲಾಯಿಸಿದ್ದು ಯಾರೆಂದು ಹೇಳಲು ದಾರಿಯೇ ಇಲ್ಲ.

ಕೀಲಿಯ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಇರುತ್ತದೆ, ಒಂದು ಸಾರ್ವಜನಿಕ, ಒಂದು ಖಾಸಗಿ. ಸಾರ್ವಜನಿಕ ಭಾಗವನ್ನು ಬೀಗ ಅಂದುಕೊಳ್ಳಿ. ನನ್ನ ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು, ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ತೆರೆಯುವುದು ನನ್ನ ಲ್ಯಾಪ್‌ಟಾಪಿನಲ್ಲಿರುವ ಖಾಸಗಿ ಕೀಲಿಯಿಂದ ಮಾತ್ರ. ಹೋಲಿಕೆ ಇಷ್ಟು ದೂರ ಸರಿ. ಆದರೆ ಇಲ್ಲಿ ಖಾಸಗಿ ಕೀಲಿ ಬಾಗಿಲ ಹತ್ತಿರಕ್ಕೂ ಹೋಗುವುದಿಲ್ಲ. ಪ್ರತಿ ಸಲ ಸಂಪರ್ಕ ಏರ್ಪಟ್ಟಾಗ ಆ ಸಲಕ್ಕೆ ಮಾತ್ರ ಸಲ್ಲುವ ಒಂದು ಗುರುತು ಹುಟ್ಟುತ್ತದೆ. ನನ್ನ ಲ್ಯಾಪ್‌ಟಾಪು ಆ ಗುರುತಿಗೆ ಖಾಸಗಿ ಕೀಲಿಯಿಂದ ಸಹಿ ಹಾಕಿ ಸಹಿಯನ್ನಷ್ಟೇ ಕಳಿಸುತ್ತದೆ. ಸರ್ವರು ತನ್ನಲ್ಲಿರುವ ಸಾರ್ವಜನಿಕ ಭಾಗದಿಂದ ಆ ಸಹಿ ನಿಜವೇ ಎಂದು ಪರೀಕ್ಷಿಸುತ್ತದೆ. ಸಹಿಯಿಂದ ಕೀಲಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯುವುದು ಇವತ್ತಿನ ಕಂಪ್ಯೂಟರುಗಳ ಕೈಲಿ ಆಗದ ಮಾತು. ಈ ಯೋಚನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಜಗತ್ತಿನ ಮುಂದಿಟ್ಟರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಅದನ್ನು ಆರ್‌ಎಸ್‌ಎ ಎಂಬ ರೂಪದಲ್ಲಿ ಮಾಡಿ ತೋರಿಸಿದರು. ಬ್ಯಾಂಕಿನ ವೆಬ್‌ಸೈಟು ಅಸಲಿಯೋ ನಕಲಿಯೋ ಎಂದು ನಿಮ್ಮ ಮೊಬೈಲು ಗುರುತಿಸುವುದೂ ಇದೇ ಬಗೆಯ ಗಣಿತದಿಂದ.

ಕೀಲಿ ಮಾಡುವುದಕ್ಕೆ ಒಂದು ನಿಮಿಷ ಸಾಕು. ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಕೆಲಸ ಕಲಿಯಲು ನನ್ನ ಹತ್ತಿರ ಬಂದರೆ ನಾನು ಮೊದಲು ಮಾಡಿಸುವುದು ಇದನ್ನೇ. ‘ಎಸ್‌ಎಸ್‌ಎಚ್-ಕೀಜೆನ್’ ಎಂದು ಟೈಪ್ ಮಾಡಿ, ಜಾಗ ಬಿಟ್ಟು ‘-ಟಿ ಇಡಿ25519’ ಎಂದು ಬಗೆ ಹೇಳಿ, ಮತ್ತೆ ಜಾಗ ಬಿಟ್ಟು ದೊಡ್ಡಕ್ಷರದ ‘-ಸಿ’ ಹಾಕಿ ಒಂದು ಟಿಪ್ಪಣಿ ಬರೆಯಬೇಕು. ಟಿಪ್ಪಣಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬರೆಯದೆ ಬಿಟ್ಟರೆ ಲಾಗಿನ್ ಹೆಸರು, ಕಂಪ್ಯೂಟರಿನ ಹೆಸರು ತಾನೇ ಬಂದು ಕೂರುತ್ತದೆ: ‘ಯೂಸರ್’, ‘ಡೆಸ್ಕ್‌ಟಾಪ್’. ಎರಡು ವರ್ಷ ಕಳೆದ ಮೇಲೆ ಆ ಯೂಸರ್ ಯಾರೆಂದು ಹೇಳುವವರು ಇರುವುದಿಲ್ಲ. ವ್ಯಕ್ತಿಯ ಹೆಸರು, ಯಂತ್ರ, ತಿಂಗಳು, ವರ್ಷ, ಈ ನಾಲ್ಕನ್ನೂ ಬರೆಯದ ಕೀಲಿಯನ್ನು ನಾನು ಯಾವ ಸರ್ವರಿಗೂ ಏರಿಸುವುದಿಲ್ಲ.

ಆಮೇಲೆ ಪಾಸ್‌ಫ್ರೇಸ್, ಎಂದರೆ ಖಾಸಗಿ ಕೀಲಿಯನ್ನು ಕಾಯುವ ಗುಪ್ತ ಪದಗುಚ್ಛ, ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ, ಹೊಸಬರು ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬಹಳ ಜನ ಇಲ್ಲಿ ಸುಮ್ಮನೆ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದರೆ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದ ದಿನ ಕೀಲಿಯೂ ಹೋದಂತೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ ಹಾಕಿ. ಪ್ರತಿ ಸಲ ಟೈಪ್ ಮಾಡುವ ಕಷ್ಟ ತಪ್ಪಿಸಲು ಎಸ್‌ಎಸ್‌ಎಚ್-ಏಜೆಂಟ್ ಇದೆ. ಒಮ್ಮೆ ಹೇಳಿದರೆ, ನೀವು ಕೊಟ್ಟ ಗಡುವಿನವರೆಗೆ, ಒಂದು ಗಂಟೆ ಎಂದರೆ ಒಂದು ಗಂಟೆ, ಅದು ಕೀಲಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ.

ಎಂಟರ್ ಒತ್ತಿದ ಮೇಲೆ ಎರಡು ಫೈಲು ಹುಟ್ಟುತ್ತವೆ. ಹೆಸರಿನ ಕೊನೆಗೆ ‘ಡಾಟ್ ಪಬ್’ ಇರುವುದು ಸಾರ್ವಜನಿಕ. ಅದು ಒಂದೇ ಸಾಲು: ಕೀಲಿಯ ಬಗೆ, ನಾಲ್ಕು ‘ಎ’ಗಳಿಂದ ಶುರುವಾಗುವ 68 ಅಕ್ಷರ, ಕೊನೆಗೆ ನೀವು ಬರೆದ ಟಿಪ್ಪಣಿ. ಕೊನೆಗೆ ಏನೂ ಇಲ್ಲದ ಹೆಸರಿನ ಫೈಲು ಖಾಸಗಿ. ಅದನ್ನು ನೀವಲ್ಲದೆ ಬೇರೆಯವರೂ ಓದುವಂತೆ ಬಿಟ್ಟಿದ್ದರೆ ಎಸ್‌ಎಸ್‌ಎಚ್ ದೊಡ್ಡಕ್ಷರದಲ್ಲಿ ಎಚ್ಚರಿಕೆ ಕೊಟ್ಟು ಆ ಕೀಲಿಯನ್ನು ಬಳಸಲು ಒಪ್ಪುವುದೇ ಇಲ್ಲ. ಇಷ್ಟು ಕಟ್ಟುನಿಟ್ಟಿನ ಫೈಲನ್ನು ನಮ್ಮವರು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಾರೆ! ‘ಅಕ್ಕ, ಕೀ ಕಳ್ಸಿವ್ನಿ, ನೋಡಿ’ ಎಂದು ಮೆಸೇಜು ಬರುತ್ತದೆ. ತೆರೆದರೆ ಖಾಸಗಿ ಕೀಲಿ. ಹಾಗೆ ಒಮ್ಮೆ ಯಂತ್ರ ಬಿಟ್ಟು ಹೊರಟ ಕೀಲಿಯನ್ನು ಇನ್ನು ಬಳಸಲೇಬಾರದು. ಮೆಸೇಜು ಅಳಿಸಿದರೆ ಸಾಲದು, ಹೊಸ ಜೋಡಿ ಮಾಡಬೇಕು.

ಯಾವ ಬಗೆಯ ಕೀಲಿ ಒಳ್ಳೆಯದು ಎಂಬ ಚರ್ಚೆಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಇಡಿ25519 ಓಪನ್‌ಎಸ್‌ಎಸ್‌ಎಚ್‌ಗೆ 2014ರಲ್ಲಿ ಬಂತು, 2023ರಿಂದ ಕೀಜೆನ್ ತಾನಾಗಿಯೇ ಅದನ್ನೇ ಮಾಡುತ್ತದೆ. ಹಳೆಯ ಡಿಎಸ್‌ಎ ಕೀಲಿ ಎಲ್ಲಾದರೂ ಉಳಿದಿದ್ದರೆ ಕಿತ್ತುಹಾಕಿ. ನೆನಪಿಡಬೇಕಾದ ಒಂದು ಘಟನೆ ಮಾತ್ರ ಇದೆ. 2006ರಲ್ಲಿ ಡೆಬಿಯನ್ ಲಿನಕ್ಸಿನವರು ಕೀಲಿ ಹುಟ್ಟಿಸಲು ಬಳಕೆಯಾಗುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯಿಂದ ಕೀಲಿಗೆ ಬೇಕಾದ ಯಾದೃಚ್ಛಿಕತೆಯೇ ಹೊರಟುಹೋಯಿತು. ಒಂದು ಬಗೆ, ಒಂದು ಗಾತ್ರದಲ್ಲಿ ಸುಮಾರು 32 ಸಾವಿರ ಬೇರೆ ಬೇರೆ ಕೀಲಿಗಳಷ್ಟೇ ಹುಟ್ಟುತ್ತಿದ್ದವು, ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡಬಹುದಿತ್ತು. ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ತಂತ್ರಾಂಶ ತಿದ್ದುವುದು ಸುಲಭವಾಗಿತ್ತು. ಆದರೆ ಆ ಎರಡು ವರ್ಷದಲ್ಲಿ ಹುಟ್ಟಿದ ಕೀಲಿಗಳು ಯಾವ ಯಾವ ಸರ್ವರಿನಲ್ಲಿ ಕೂತಿವೆ ಎಂದು ಹುಡುಕಿ ತೆಗೆಯುವುದು ಪ್ರತಿಯೊಬ್ಬರ ತಲೆಯ ಮೇಲೆ ಬಿತ್ತು. ಪಟ್ಟಿ ಇಟ್ಟುಕೊಂಡವರು ಬೇಗ ಪಾರಾದರು.

ಪಟ್ಟಿಯ ಮಾತಿಗೆ, ಮಂಡಿಯ ಆ ಏಳು ಸಾಲಿಗೆ ಬರುತ್ತೇನೆ. ಸರ್ವರಿನಲ್ಲಿ ಪ್ರತಿ ಖಾತೆಗೂ ‘ಆಥರೈಸ್ಡ್ ಕೀಸ್’ ಎಂಬ ಒಂದು ಫೈಲು ಇರುತ್ತದೆ. ಯಾರ ಸಾರ್ವಜನಿಕ ಕೀಲಿಯ ಸಾಲು ಅದರಲ್ಲಿದೆಯೋ ಅವರಿಗೆ ಪ್ರವೇಶ. ಅಷ್ಟೇ ಕಾನೂನು. ಅಲ್ಲಿ ಕಂಡ ಒಂದು ಹೆಸರನ್ನು ಓದಿ ಹೇಳಿದೆ. ಯಜಮಾನರು ಅಂದರು: ‘ಅವ್ನು ಬೆಂಗ್ಳೂರ್ಗ ಹೋಗಿ ಎಲ್ಡು ವರ್ಸ ಆಯ್ತು ಕನವ್ವ. ಅವತ್ತೇ ಪಾಸ್‌ವರ್ಡ್ ಬದ್ಲಾಯಿಸ್ಬುಟ್ಟೊ. ಇನ್ನೇನದ?’

ಪಾಸ್‌ವರ್ಡ್ ಬದಲಾಯಿಸಿದರೆ ಕೀಲಿಗೆ ಏನೂ ಆಗುವುದಿಲ್ಲ. ಎರಡೂ ಬೇರೆ ಬೇರೆ ದಾರಿ. ಇದನ್ನು ಅವರಿಗೆ ಹೇಳಿದಾಗ ಅವರ ಮುಖದಲ್ಲಿ ಗಾಬರಿ ಕಂಡಿತು. ಗಾಬರಿಪಡಬೇಕಾದ ಮಾತೇ. ಈ ಒಂದು ಸಂಗತಿ ಸರ್ವರ್ ಬಾಡಿಗೆಗೆ ಹಿಡಿದ ಪ್ರತಿ ವ್ಯಾಪಾರಿಗೂ, ಶಾಲೆಯವರಿಗೂ, ಲ್ಯಾಬಿನವರಿಗೂ ಗೊತ್ತಿರಬೇಕು.

ಹಾಗೆಂದು ಗೊತ್ತಿಲ್ಲದ ಸಾಲನ್ನೆಲ್ಲ ಕೂಡಲೇ ಅಳಿಸಿಬಿಡುವುದೂ ಸರಿಯಲ್ಲ. ನಾನು ಮಾಡುವ ಕ್ರಮ ಹೀಗೆ. ಕೀಜೆನ್‌ಗೆ ‘-ಎಲ್ -ಎಫ್’ ಹಾಕಿ ಆ ಫೈಲಿನ ಹೆಸರು ಕೊಟ್ಟರೆ ಪ್ರತಿ ಸಾಲಿಗೂ ಒಂದು ಬೆರಳಚ್ಚು, ಎಂದರೆ ಆ ಕೀಲಿಯ ಚಿಕ್ಕ ಗುರುತು, ಪರದೆಯ ಮೇಲೆ ಬರುತ್ತದೆ. ಯಾರಾದರೂ ಕೀಲಿಯಿಂದ ಒಳಗೆ ಬಂದಾಗ ಸರ್ವರಿನ ದಾಖಲೆಯಲ್ಲೂ ಇದೇ ಬೆರಳಚ್ಚು ಬೀಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕೀಲಿ ಯಾವಾಗ ಬಳಕೆಯಾಯಿತು, ಯಾವ ವಿಳಾಸದಿಂದ, ಎಲ್ಲ ತಿಳಿಯುತ್ತದೆ. ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ದಾಖಲೆ ನಾಲ್ಕೈದು ವಾರದ್ದು ಮಾತ್ರ ಉಳಿದಿರುತ್ತದೆ. ಅದರಲ್ಲಿ ಕಾಣದ ಕೀಲಿ ಎಂದೂ ಬಳಕೆಯಾಗಿಲ್ಲ ಎಂದು ಹೇಳಲಾಗದು.

ನಾಲ್ಕು ಸಾಲುಗಳಲ್ಲಿ ಒಂದು ಪ್ರತಿದಿನ ರಾತ್ರಿ ಎರಡು ಗಂಟೆಗೆ ಒಳಗೆ ಬರುತ್ತಿತ್ತು. ಅದು ಮನುಷ್ಯರದಲ್ಲ, ಬ್ಯಾಕಪ್ ಒಯ್ಯುವ ಇನ್ನೊಂದು ಯಂತ್ರದ ಕೀಲಿ. ತೆಗೆದಿದ್ದರೆ ಅಂದಿನಿಂದ ಬ್ಯಾಕಪ್ ಸದ್ದಿಲ್ಲದೆ ನಿಲ್ಲುತ್ತಿತ್ತು. ಅದನ್ನು ಉಳಿಸಿ, ಸಾಲಿನ ಆರಂಭಕ್ಕೆ ಎರಡು ಷರತ್ತು ಸೇರಿಸಿದೆ: ಇಂಥ ವಿಳಾಸದಿಂದ ಮಾತ್ರ ಬರಬೇಕು, ಬಂದರೆ ಬ್ಯಾಕಪ್ ಅಪ್ಪಣೆಯೊಂದನ್ನೇ ನಡೆಸಬೇಕು. ಇನ್ನೊಂದು ಸಾಲು ಬಿಲ್ಲಿಂಗ್ ತಂತ್ರಾಂಶ ಕೂರಿಸಲು ಬಂದಿದ್ದ ಇಂಜಿನಿಯರದು. ಕೆಲಸ ಮುಗಿಸಿ ಹೋದವರು ಕೀಲಿ ಬಿಟ್ಟೇ ಹೋಗಿದ್ದರು. ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ. ಇದು ಸರಿಯಾದ ನಡೆಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬೇರೆಯವರ ಸರ್ವರಿನಲ್ಲಿ ಕೆಲಸ ಮಾಡಿದವರು ಹೊರಡುವ ದಿನ ತಮ್ಮ ಸಾಲನ್ನು ತಾವೇ ತೆಗೆದು, ತೆಗೆದದ್ದನ್ನು ಮಾಲೀಕರಿಗೆ ತೋರಿಸಿ ಹೋಗಬೇಕು. ಮಿಕ್ಕ ಎರಡೂ ಬೆಂಗಳೂರಿಗೆ ಹೋದ ಹುಡುಗನವೇ, ಹಳೆಯ ಲ್ಯಾಪ್‌ಟಾಪಿನದೊಂದು, ಹೊಸದರದೊಂದು. ಅವನಿಗೆ ಫೋನ್ ಮಾಡಿದೆ. ‘ತಗ್ದಾಕ್ಬುಡಿ ಅಕ್ಕ, ನಾಳ ಏನಾರ ಹೆಚ್ಚುಕಮ್ಮಿ ಆದ್ರ ನನ್ ಹೆಸ್ರು ಬತ್ತದ’ ಅಂದ. ಅವನ ಮಾತು ನನಗೆ ಬಹಳ ಇಷ್ಟವಾಯಿತು. ಬಿಟ್ಟುಹೋದವರ ಕೀಲಿ ತೆಗೆಯುವುದೆಂದರೆ ಅವರ ಮೇಲೆ ಅನುಮಾನಪಟ್ಟಂತೆ ಎಂದು ನಮ್ಮ ಕಡೆ ಸಂಕೋಚಪಡುತ್ತಾರೆ. ತೆಗೆದರೆ ಅವರಿಗೂ ರಕ್ಷಣೆಯೇ.

ತೆಗೆಯುವಾಗ ಮೊದಲು ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿ ಕೆಲವು ದಿನ ನೋಡುತ್ತೇನೆ, ಏನೂ ನಿಲ್ಲದಿದ್ದರೆ ಅಳಿಸುತ್ತೇನೆ. ಕೀಲಿ ತೆಗೆದರೂ ಆಗಲೇ ಒಳಗಿರುವವರು ಹೊರಗೆ ಬೀಳುವುದಿಲ್ಲ, ಈಗ ಯಾರಿದ್ದಾರೆಂದು ಅದನ್ನೂ ನೋಡಬೇಕು. ಅದೇ ಕೀಲಿ ಬೇರೆ ಸರ್ವರಿನಲ್ಲಿದ್ದರೆ ಅಲ್ಲೂ ತೆಗೆಯಬೇಕು. ಎಲ್ಲರ ಕೀಲಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನೇ ಮುಚ್ಚಬಹುದು. ಆಗ ತಡಕುವ ಪ್ರೋಗ್ರಾಮುಗಳು ಎಷ್ಟು ಪಾಸ್‌ವರ್ಡ್ ಹಾಕಿದರೂ ಉಪಯೋಗವಿಲ್ಲ. ಮುಚ್ಚುವಾಗ ತೆರೆದಿರುವ ಕಿಟಕಿಯನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಹೋಗಲು ಆಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಮೊದಲನೆಯದನ್ನು ಮುಚ್ಚಬೇಕು.

ನಾವು ಸರ್ವರಿಗೆ ಗುರುತು ತೋರಿಸುವಂತೆ ಸರ್ವರ್ ಕೂಡ ನಮಗೆ ತನ್ನ ಗುರುತು ತೋರಿಸುತ್ತದೆ. ಮೊದಲ ಸಲ ಹೋದಾಗ ಅದರ ಬೆರಳಚ್ಚು ತೋರಿಸಿ ‘ಒಪ್ಪಿಗೆಯೇ’ ಎಂದು ಕೇಳುವುದು ಅದಕ್ಕೇ. ಮುಂದೆ ಎಂದಾದರೂ ಅದು ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಕೆಲಸ ನಿಲ್ಲಿಸಿ ಕಾರಣ ತಿಳಿಯಬೇಕು. 2023ರ ಮಾರ್ಚ್‌ನಲ್ಲಿ, ಪ್ರೋಗ್ರಾಮು ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ತನ್ನ ಆರ್‌ಎಸ್‌ಎ ಕೀಲಿಯ ಖಾಸಗಿ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕವಾಗಿ ಕಂಡಿತ್ತೆಂದು ತಾನೇ ಒಪ್ಪಿಕೊಂಡು ಕೀಲಿ ಬದಲಾಯಿಸಿತು. ಪ್ರಪಂಚದ ತುಂಬ ಆ ಎಚ್ಚರಿಕೆ ಕಾಣಿಸಿತು. ಅಷ್ಟು ದೊಡ್ಡ ಕಂಪನಿ ಬಚ್ಚಿಡದೆ ಹೇಳಿದ್ದು ಮೆಚ್ಚತಕ್ಕದ್ದು.

ಒಳಬರುವವರನ್ನು ಒಬ್ಬೊಬ್ಬರಾಗಿ ಗುರುತಿಸುವ ಇಂಥ ವ್ಯವಸ್ಥೆ ನಮ್ಮ ಜನಕ್ಕೆ ತೀರ ಹೊಸತೇನಲ್ಲ. ಸುಮಾರು 2001ರಲ್ಲಿ ಭೂಮಿ ಯೋಜನೆಯ ಕಂಪ್ಯೂಟರುಗಳು ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದು 15 ರೂಪಾಯಿಗೆ ಪಹಣಿ ಸಿಗತೊಡಗಿದಾಗಲೇ, ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಕೈಬೆರಳಿನ ಗುರುತು ಕೊಟ್ಟು ಒಳಹೋಗುವ ಏರ್ಪಾಡು ಇತ್ತು. ಯಾರ ಜಮೀನಿನ ದಾಖಲೆಯನ್ನು ಯಾರು ಮುಟ್ಟಿದರು ಎಂಬುದು ಹೆಸರಿನ ಸಮೇತ ಉಳಿಯಬೇಕೆಂಬ ಕಾಳಜಿ ಅದು. ಇವತ್ತು ಗ್ರಾಮ ಪಂಚಾಯಿತಿಯ ಪಿಡಿಒ ಅವರ ಹತ್ತಿರ ಇರುವ ಡಿಜಿಟಲ್ ಸಹಿಯ ಡಾಂಗಲ್‌ನೊಳಗೆ ಇರುವುದೂ ಒಂದು ಖಾಸಗಿ ಕೀಲಿಯೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ. ಕೀಲಿ ಡಾಂಗಲ್‌ನಿಂದ ಹೊರಗೆ ಬರುವುದಿಲ್ಲ, ಸಹಿ ಒಳಗೇ ಆಗುತ್ತದೆ, ಬಳಸಲು ಪಿನ್ ಬೇಕು. ಡಾಂಗಲ್ಲನ್ನೂ ಪಿನ್ನನ್ನೂ ಒಟ್ಟಿಗೆ ಬೇರೆಯವರ ಕೈಗೆ ಕೊಡುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಆಗ ಬೀಳುವ ಪ್ರತಿ ಸಹಿಗೂ ಜವಾಬ್ದಾರಿ ಆ ಅಧಿಕಾರಿಯದೇ.

ಡಾಂಗಲ್‌ಗೆ ಇರುವ ಒಂದು ಒಳ್ಳೆಯ ಗುಣ ನನ್ನ ಎಸ್‌ಎಸ್‌ಎಚ್ ಕೀಲಿಗಿಲ್ಲ. ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಹೆಚ್ಚೆಂದರೆ ಮೂರು ವರ್ಷ ಆಯುಸ್ಸು. ನವೀಕರಿಸದಿದ್ದರೆ ತಾನೇ ಸಾಯುತ್ತದೆ. ಎಸ್‌ಎಸ್‌ಎಚ್ ಕೀಲಿಗೆ ಅವಧಿಯೇ ಇಲ್ಲ. 2014ರಲ್ಲಿ ಏರಿಸಿದ ಸಾಲು ಯಾರೂ ತೆಗೆಯದಿದ್ದರೆ ಇವತ್ತಿಗೂ ಬಾಗಿಲು ತೆರೆಯುತ್ತದೆ. ಕೊಡುವಾಗಲೇ ಕೊನೆಯ ದಿನ ಗೊತ್ತು ಮಾಡಿಬಿಡುವುದು ಇದಕ್ಕೆ ಪರಿಹಾರ. ದೊಡ್ಡ ಕಂಪನಿಗಳು ಇದಕ್ಕಾಗಿ ಎಸ್‌ಎಸ್‌ಎಚ್ ಪ್ರಮಾಣಪತ್ರ ಬಳಸುತ್ತವೆ, ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದ ಆ ಸೌಲಭ್ಯವಿದೆ. ಐದಾರು ಜನರ ಮಂಡಿಗೆ ಅಷ್ಟು ಬೇಡ. 2018ರಲ್ಲಿ ಬಂದ ‘ಎಕ್ಸ್‌ಪೈರಿ-ಟೈಮ್’ ಎಂಬ ಷರತ್ತು ಸಾಕು. ಆಥರೈಸ್ಡ್ ಕೀಸ್ ಫೈಲಿನಲ್ಲಿ ಸಾಲಿನ ಮುಂದೆ ಅದನ್ನು ಬರೆದು ವರ್ಷ, ತಿಂಗಳು, ದಿನ ಕೊಟ್ಟರೆ, ಆ ದಿನ ಬಂದ ಮೇಲೆ ಕೀಲಿ ನಡೆಯುವುದಿಲ್ಲ.

ಹೂವಿನ ಸೀಸನ್ನಿನಲ್ಲಿ ಲೆಕ್ಕ ನೋಡಲು ಕೆಲವರು ಎರಡು ತಿಂಗಳ ಮಟ್ಟಿಗೆ ಕೆಲಸಕ್ಕೆ ಬರುತ್ತಾರೆ. ಈಗ ಅವರ ಕೀಲಿಯನ್ನು ಏರಿಸುವ ದಿನವೇ ಓಣಂ ಕಳೆದು ಎರಡು ವಾರದ ನಂತರದ ತಾರೀಖನ್ನು ಸಾಲಿನಲ್ಲಿ ಬರೆಯುತ್ತೇನೆ, ವ್ಯಾಪಾರಿಗೂ ಆ ತಾರೀಖು ಹೇಳುತ್ತೇನೆ. ಲೆಕ್ಕ ಮುಗಿಯದೆ ಉಳಿದರೆ ಅವರು ಫೋನ್ ಮಾಡುತ್ತಾರೆ, ನಾನು ಒಂದು ವಾರ ಮುಂದಕ್ಕೆ ಹಾಕಿ ಕೊಡುತ್ತೇನೆ.